ಗಣಿತ ಕಟ್ಟಿದ ಬೆಟ್ಟ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತದೆ ಗಾದೆ. ಮೊದಮೊದಲು ಕಂಪ್ಯೂಟರ್ ಬರೆದ ಬೆಟ್ಟಗಳು ಹತ್ತಿರದಿಂದಲೂ ನುಣ್ಣಗೇ ಇದ್ದವು! ಅಮೆರಿಕದ ಬೋಯಿಂಗ್ ಕಂಪೆನಿಯಲ್ಲಿದ್ದ ಲೋರೆನ್ ಕಾರ್ಪೆಂಟರ್ ಇದಕ್ಕೆ ಗಣಿತದಲ್ಲಿ ಪರಿಹಾರ ಕಂಡರು. ತ್ರಿಕೋನವನ್ನು ನಾಲ್ಕಾಗಿ ಒಡೆದು, ಹೊಸ ಮೂಲೆಗಳನ್ನು ಮನಬಂದಂತೆ ತುಸು ಮೇಲೆ ಕೆಳಗೆ ಸರಿಸುವುದು; ಮತ್ತೆ ಒಡೆದು, ಮೊದಲಿಗಿಂತ ಕಡಿಮೆ ಸರಿಸುವುದು. ಹೀಗೆ ಮೂಡಿದ ಪರ್ವತಗಳ ಮೇಲೆ ಹಾರಾಡುವ ಅವರ 2 ನಿಮಿಷದ ಚಿತ್ರ 'ವೋಲ್ ಲಿಬ್ರ್' 1980ರಲ್ಲಿ ತಜ್ಞರನ್ನೇ ಬೆರಗುಗೊಳಿಸಿತು.

ಇಂದು ಈ ಬಗೆಯ ಕೆಲಸಕ್ಕೆ 'ಬ್ಲೆಂಡರ್' ಎಂಬ ಉಚಿತ ತಂತ್ರಾಂಶವಿದೆ. ಅದರ ಪರದೆಯ ಮೇಲೆ 'ನೋಡ್' ಎಂಬ ಚೌಕಗಳು. ಒಂದು ಉಬ್ಬುತಗ್ಗು ಕೊಡುತ್ತದೆ. ಇನ್ನೊಂದು ಎತ್ತರ ಹೆಚ್ಚಿಸುತ್ತದೆ. ಮತ್ತೊಂದು ಇಳಿಜಾರು ನೋಡಿ ಹುಲ್ಲೋ ಬಂಡೆಯೋ ಎಂದು ನಿರ್ಧರಿಸುತ್ತದೆ. ಗೆರೆ ಎಳೆದು ಇವನ್ನು ಪೋಣಿಸಿದರೆ ನೆಲ ಸಿದ್ಧ. ಪೈಥಾನ್ ಭಾಷೆಯಲ್ಲಿ ಕೆಲವು ಸಾಲು ಬರೆದು, ಉಬ್ಬುತಗ್ಗಿನ ನೋಡ್‌ಗೆ ಕೊಡುವ ಒಂದು ಅಂಕಿಯನ್ನು 1ರಿಂದ 100ರವರೆಗೆ ಬದಲಿಸಿದರೆ ನೂರು ಬಗೆಯ ಬೆಟ್ಟಸಾಲು! ಹಳೆಯ ಅಂಕಿ ಕೊಟ್ಟರೆ ಹಳೆಯ ಬೆಟ್ಟವೇ ಮರಳುತ್ತದೆ.

ಎತ್ತರ ಮಿತಿ ಮೀರಿದರೆ ಬೆಟ್ಟ ಮುಳ್ಳುಹಂದಿಯ ಬೆನ್ನಾಗುತ್ತದೆ, ಕಡಿಮೆಯಾದರೆ ಬಯಲು. ಎಲ್ಲಿ ನಿಲ್ಲಿಸಬೇಕೆಂದು ಯಂತ್ರ ಹೇಳದು. ಊರ ಪಕ್ಕದ ಗುಡ್ಡವನ್ನು ಕಣ್ಣಿಟ್ಟು ನೋಡಿದವರಿಗಷ್ಟೇ ಅದು ತಿಳಿದೀತು. ಮಗನೋ ಮಗಳೋ ಕಂಪ್ಯೂಟರ್ ಮುಂದೆ ಕುಳಿತು ಬೆಟ್ಟ ಕಟ್ಟುತ್ತಿದ್ದರೆ ಪಾಲಕರು ಗದರುವುದು ಬೇಡ. ಅಲ್ಲಿ ನಡೆಯುತ್ತಿರುವುದು ಗಣಿತದ ಪಾಠವೇ.