ಅಗ್ಗದ ಪಂಪ್ ಕೋವಿ: ಉಳಿತಾಯ ಎಲ್ಲಿ ಸಲ್ಲುತ್ತದೆ?

ಅಮೆರಿಕದ ಬೇಟೆಗಾರರು ಬಳಸುವ ಪಂಪ್ ಆಕ್ಷನ್ ಕೋವಿಯ ಮುಂಭಾಗದ ಹಿಡಿಯನ್ನು ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಬೀಳುತ್ತದೆ. ಮುಂದಕ್ಕೆ ತಳ್ಳಿದರೆ ಹೊಸದು ನಳಿಗೆಯನ್ನು ಸೇರುತ್ತದೆ. ಕೈಬಲದಿಂದಲೇ ನಡೆಯುವ ಈ ಸರಳ ಯಂತ್ರವನ್ನು ಕಡಿಮೆ ಬೆಲೆಗೆ ತಯಾರಿಸುವುದು ಕಷ್ಟವಲ್ಲ. ಯಾವ ಭಾಗದಲ್ಲಿ ವೆಚ್ಚ ಇಳಿಸಲಾಗಿದೆ ಎಂಬುದರ ಮೇಲೆ ಅದರ ವಿಶ್ವಾಸಾರ್ಹತೆ ನಿಂತಿದೆ.

ಮಾಸ್‌ಬರ್ಗ್ 500 ಮಾದರಿಯ ಯಂತ್ರಕವಚ ಅಲ್ಯೂಮಿನಿಯಂ ಮಿಶ್ರಲೋಹದ್ದು. ಇದು ದುರ್ಬಲವೆಂದು ಮೇಲ್ನೋಟಕ್ಕೆ ತೋರುವುದು ಸಹಜ. ಆದರೆ ಉಕ್ಕಿನ ಬೋಲ್ಟ್ ನಳಿಗೆಯ ಹಿಂಬದಿಯ ಉಕ್ಕಿಗೇ ನೇರವಾಗಿ ಬಂಧಗೊಳ್ಳುವುದರಿಂದ ಸ್ಫೋಟದ ಮುಖ್ಯ ಒತ್ತಡ ಕವಚದ ಮೇಲೆ ಬೀಳದು. ಅದೇ ಸಂಸ್ಥೆಯ ಇನ್ನೂ ಅಗ್ಗದ ಮಾವೆರಿಕ್ 88 ಮಾದರಿಯಲ್ಲಿ ಸುರಕ್ಷಾ ಗುಂಡಿ ಕವಚದ ಮೇಲಿನಿಂದ ಟ್ರಿಗರ್ ಬಳಿಗೆ ಸರಿದಿದೆ. ಬಂಧಕ ವ್ಯವಸ್ಥೆ ಬದಲಾಗಿಲ್ಲ.

ರೆಮಿಂಗ್ಟನ್ ಸಂಸ್ಥೆ 1987ರಲ್ಲಿ ತನ್ನ 870 ಕೋವಿಯ ಅಗ್ಗದ ಆವೃತ್ತಿಯಾದ ಎಕ್ಸ್‌ಪ್ರೆಸ್ ಅನ್ನು ಹೊರತಂದಿತು. ಉಕ್ಕಿನ ಕವಚವನ್ನು ಉಳಿಸಿಕೊಂಡು, ಹೊಳಪು ಮತ್ತು ಮರದ ಕೆಲಸದಲ್ಲಿ ವೆಚ್ಚ ತಗ್ಗಿಸಲಾಯಿತು. ಹೊಳಪಿಲ್ಲದ ಒರಟು ಮೇಲ್ಮೈ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆಂಬ ದೂರು ಬಳಕೆದಾರರಲ್ಲಿ ಸಾಮಾನ್ಯ. ತೋಟಾ ಕೂರುವ ಕೋಶದ ಒಳಮೈ ಒರಟಾಗಿದ್ದರೆ ತೊಂದರೆ ಇನ್ನೂ ಹೆಚ್ಚು: ಉಕ್ಕಿನ ತಳದ ಅಗ್ಗದ ತೋಟಾಗಳು ಹಾರಿಸಿದ ಬಳಿಕ ಅಲ್ಲಿಯೇ ಕಚ್ಚಿಕೊಳ್ಳುತ್ತವೆ. ಒಳಮೈಯನ್ನು ಉಜ್ಜಿ ನಯಗೊಳಿಸಿದರೆ ಸಾಮಾನ್ಯವಾಗಿ ದೋಷ ನೀಗುತ್ತದೆ. ಕಾರ್ಖಾನೆ ಉಳಿಸಿದ ಕೆಲವು ನಿಮಿಷಗಳ ಕೆಲಸ ಹೀಗೆ ಗ್ರಾಹಕನ ಪಾಲಾಗುತ್ತದೆ. ರೆಮಿಂಗ್ಟನ್ 2018 ಮತ್ತು 2020ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತಾದರೂ ಅದಕ್ಕೆ ಈ ಒರಟುತನವನ್ನೇ ಹೊಣೆಯಾಗಿಸುವುದು ಸರಿಯಲ್ಲ. ಸಂಸ್ಥೆಯ ಮೇಲೆ ಸಾಲದ ಹೊರೆ ಭಾರಿಯಾಗಿತ್ತು.