ಸ್ಪ್ಯಾಮ್‌ನಲ್ಲಿ ಒಮ್ಮೆ ನೋಡಿ ಸಾರ್

ಇಮೇಲ್ ಕಳಿಸಿದ ಮೇಲೆ ಫೋನ್ ಮಾಡಿ "ಬಂತಾ?" ಅಂತ ಕೇಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಬಂದಿಲ್ಲ ಎಂದರೆ ಮುಂದಿನ ಮಾತು ಸಿದ್ಧವಾಗಿರುತ್ತದೆ: "ಸ್ಪ್ಯಾಮ್‌ನಲ್ಲಿ ಒಮ್ಮೆ ನೋಡಿ ಸಾರ್." ನೋಡಿದರೆ ಕೆಲಸದ ಸಂದರ್ಶನದ ಕರೆ, ಲ್ಯಾಬಿನ ರಿಪೋರ್ಟು ಎಲ್ಲ ಲಾಟರಿ ಹೊಡೆದ ಸುದ್ದಿಗಳ ಪಕ್ಕದಲ್ಲಿ ಬಿದ್ದಿರುತ್ತವೆ. ಕಸ ಹಿಡಿಯುವುದರಲ್ಲಿ ಯಂತ್ರಗಳು ಈಗ ಚೆನ್ನಾಗಿ ಪಳಗಿವೆ. ಒಳ್ಳೆಯ ಪತ್ರವನ್ನು ಗುರುತಿಸಿ ಒಳಗೆ ಬಿಡುವ ಕೆಲಸ ಮಾತ್ರ ಅವಕ್ಕೆ ಇನ್ನೂ ಪೂರ್ತಿ ಕೈವಶವಾಗಿಲ್ಲ.

ಇದರ ಬೇರು ಇಮೇಲ್‌ನ ಹುಟ್ಟಿನಲ್ಲೇ ಇದೆ. ಮೇಲ್ ಸರ್ವರ್‌ಗಳು ಪರಸ್ಪರ ಆಡುವ ಭಾಷೆಯ ಹೆಸರು ಎಸ್‌ಎಂಟಿಪಿ. ಜಾನ್ ಪೋಸ್ಟೆಲ್ 1982ರಲ್ಲಿ ಅದರ ನಿಯಮಗಳನ್ನು ಬರೆದಿಟ್ಟರು. ಮಾತುಕತೆ ತೀರಾ ಸರಳ. ಕಳಿಸುವ ಯಂತ್ರ ಮೊದಲು ತನ್ನ ಹೆಸರು ಹೇಳುತ್ತದೆ. 'ಈ ಪತ್ರ ಇಂಥವರಿಂದ' ಎನ್ನುತ್ತದೆ. ಆಚೆ ಕಡೆಯದು '250' ಎಂದು ಉತ್ತರಿಸುತ್ತದೆ. ಸರಿ, ಮುಂದೆ ಹೇಳು ಅಂತ ಅದರರ್ಥ. 'ಇಂಥವರಿಗೆ' ಎಂದರೆ ಮತ್ತೆ 250. ಆಮೇಲೆ ಪತ್ರದ ಒಕ್ಕಣೆ, ಕೊನೆಗೆ ಒಂದು ಸಾಲಿನಲ್ಲಿ ಒಂಟಿ ಚುಕ್ಕಿ. ಅಲ್ಲಿಗೆ ವ್ಯವಹಾರ ಮುಗಿಯಿತು. ಹೇಳಿದ ಹೆಸರು ನಿಜವೇ ಎಂದು ಯಾರೂ ಕೇಳಲಿಲ್ಲ. ಇನ್ನೊಂದು ವಿಚಿತ್ರವಿದೆ. ಅಂಚೆ ಪತ್ರದಲ್ಲಿ ಲಕೋಟೆಯ ಮೇಲೊಂದು ವಿಳಾಸ, ಒಳಗಿನ ಕಾಗದದ ಮೇಲೊಂದು ವಿಳಾಸ ಇರುವಂತೆ ಇಲ್ಲಿಯೂ ಎರಡಿರುತ್ತವೆ, ಎರಡೂ ಒಂದೇ ಆಗಿರಬೇಕೆಂಬ ಕಟ್ಟುಪಾಡಿಲ್ಲ. ನಮ್ಮ ಪರದೆಯ ಮೇಲೆ ಕಾಣುವುದು ಒಳಗಿನ ಕಾಗದದ್ದು. ಅಲ್ಲಿ ಬ್ಯಾಂಕಿನ ಹೆಸರನ್ನೇ ಬರೆಯಲಿ, ಪ್ರಧಾನಿಯ ಹೆಸರನ್ನೇ ಬರೆಯಲಿ, ಎಸ್‌ಎಂಟಿಪಿಗೆ ಎಲ್ಲ ಒಂದೇ.

ಪೋಸ್ಟೆಲ್‌ಗೆ ಅಪಾಯ ಗೊತ್ತಿರಲಿಲ್ಲ ಎಂದಲ್ಲ. ಬೇಡದ ಪತ್ರಗಳನ್ನು ಆರಿಸಿ ನಿರಾಕರಿಸುವ ದಾರಿಯೇ ಜಾಲದಲ್ಲಿ ಇಲ್ಲವೆಂದು 1975ರಲ್ಲೇ ಒಂದು ಪುಟ್ಟ ಟಿಪ್ಪಣಿ ಬರೆದಿದ್ದರು. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥೂರ್ಕ್ ತಮ್ಮ ಹೊಸ ಕಂಪ್ಯೂಟರಿನ ಪ್ರದರ್ಶನಕ್ಕೆ ಬನ್ನಿ ಎಂದು ಇಂಟರ್ನೆಟ್ಟಿನ ಪೂರ್ವಜನಾದ ಆರ್ಪಾನೆಟ್‌ನ ಸುಮಾರು 400 ಮಂದಿಗೆ ಒಂದೇ ಏಟಿಗೆ ಪತ್ರ ಹಾಕಿದರು. ಮೊದಲ ಸ್ಪ್ಯಾಮ್ ಎಂಬ ಕೀರ್ತಿ ಅದಕ್ಕೇ ಸಂದಿದೆ. ಬೈಗುಳ ಬಂದವು, ವ್ಯಾಪಾರವೂ ಆಯಿತು. ಈ ಎರಡನೆಯದೇ ಕೆಟ್ಟ ಪಾಠವಾಯಿತು. 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಸ್ಟಾರ್ಮ್ ಎಂಬ ಸ್ಪ್ಯಾಮ್ ಜಾಲದೊಳಗೆ ನುಸುಳಿ, ನಕಲಿ ಔಷಧಿ ಅಂಗಡಿಯೊಂದರ ಜಾಹೀರಾತಿನ ಲೆಕ್ಕ ಹಿಡಿದರು. 26 ದಿನ, ಹತ್ತಿರ ಹತ್ತಿರ 35 ಕೋಟಿ ಪತ್ರ. ಕೊಳ್ಳಲು ಮುಂದಾದವರು 28 ಮಂದಿ. ಕಳಿಸುವ ಖರ್ಚು ಇಲ್ಲವೆಂಬಷ್ಟು ಕಡಿಮೆ ಇರುವಾಗ 28 ಜನ ಸಾಕು.

ತಡೆಯುವವರು ಮೊದಲು ಕಣ್ಣಿಟ್ಟದ್ದು ಪತ್ರದ ಒಕ್ಕಣೆಯ ಮೇಲೆ. 2002ರಲ್ಲಿ ಪಾಲ್ ಗ್ರಹಾಮ್ ಎಂಬ ಪ್ರೋಗ್ರಾಮರ್ ಬರೆದ ಲೇಖನವೊಂದು ಈ ವಿಧಾನವನ್ನು ಮನೆಮಾತಾಗಿಸಿತು. ಯಾವ ಪದ ಕಂಡರೆ ತಡೆಯಬೇಕು ಎಂದು ಪಟ್ಟಿ ಮಾಡುವ ಉಸಾಬರಿಯೇ ಬೇಡ. ಒಂದಷ್ಟು ಸ್ಪ್ಯಾಮ್, ಒಂದಷ್ಟು ಒಳ್ಳೆಯ ಪತ್ರ ಕೊಟ್ಟರೆ ಯಂತ್ರವೇ ಎಣಿಸಿಕೊಳ್ಳಲಿ ಎಂಬುದು ಅವರ ವಾದ. ಒಂದು ಪದ 1000 ಸ್ಪ್ಯಾಮ್‌ಗಳಲ್ಲಿ 40 ಸಲ, 1000 ಒಳ್ಳೆಯ ಪತ್ರಗಳಲ್ಲಿ 2 ಸಲ ಬಂದಿದೆ ಎನ್ನಿ. ಆ ಪದವಿರುವ ಪತ್ರ ಸ್ಪ್ಯಾಮ್ ಆಗಿರುವ ಸಂಭವ 42ರಲ್ಲಿ 40, ಅಂದರೆ ಶೇ. 95. ಇಂಥ 15 ಪದಗಳ ಸಾಕ್ಷ್ಯ ಒಟ್ಟುಗೂಡಿಸಿ ತೀರ್ಪು ಕೊಡುವುದು. ಎಣಿಕೆಯಲ್ಲಿ ಬಯಲಾದ ತಮಾಷೆ ಏನೆಂದರೆ, ಅಶ್ಲೀಲ ಪದಗಳಷ್ಟೇ ಗಟ್ಟಿಯಾಗಿ ಸ್ಪ್ಯಾಮ್ ಅನ್ನು ಹಿಡಿದುಕೊಟ್ಟದ್ದು 'ಎಫ್ಎಫ್0000' ಎಂಬ ಸಂಕೇತ. ಅಕ್ಷರಗಳಿಗೆ ಕಣ್ಣು ಕುಕ್ಕುವ ಕೆಂಪು ಬಣ್ಣ ಬಳಿಯಲು ಅದು ಬೇಕು!

ಗ್ರಹಾಮ್ ಮಾಡಿದ ಇನ್ನೊಂದು ಕೆಲಸ ನನಗೆ ಹೆಚ್ಚು ಮೆಚ್ಚುಗೆ. ಒಳ್ಳೆಯ ಪತ್ರಗಳಲ್ಲಿನ ಎಣಿಕೆಯನ್ನು ಅವರು ಬೇಕೆಂದೇ ಇಮ್ಮಡಿ ಮಾಡಿದರು. ಮೇಲಿನ ಲೆಕ್ಕದಲ್ಲಿ 2 ಇದ್ದದ್ದು 4 ಆಯಿತು, ಶೇ. 95 ಇಳಿದು 91 ಆಯಿತು. ಗಣಿತದ ಕಣ್ಣಿಗೆ ಇದು ತಪ್ಪೇ. ಆದರೆ ಒಂದು ಸ್ಪ್ಯಾಮ್ ಒಳಗೆ ನುಸುಳಿದರೆ ಅಳಿಸಿಹಾಕಬಹುದು, ಒಂದು ನೇಮಕಾತಿ ಪತ್ರ ಕಸಕ್ಕೆ ಹೋದರೆ ಅದು ಹೋಯಿತೆಂದೇ ನಮಗೆ ತಿಳಿಯುವುದಿಲ್ಲ. ಎರಡು ತಪ್ಪುಗಳ ತೂಕ ಒಂದೇ ಅಲ್ಲ ಎಂಬುದನ್ನು ಅವರು ಸೂತ್ರದೊಳಗೇ ಕೂರಿಸಿದರು.

ಪದ ಎಣಿಸುವ ಈ ವಿಧಾನ ಕನ್ನಡಕ್ಕೆ ಬಂದರೆ ತುಸು ಮುಗ್ಗರಿಸುತ್ತದೆ. ನಮ್ಮ ಬಹುಮಾನವು ಬಹುಮಾನದ, ಬಹುಮಾನವನ್ನು, ಬಹುಮಾನಕ್ಕಾಗಿ ಎಂದು ವೇಷ ಬದಲಿಸುತ್ತಿರುತ್ತದೆ. ಪ್ರತ್ಯಯ ಬಿಡಿಸಲು ಬಾರದ ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಪದಗಳು, ಸಾಕ್ಷ್ಯ ಚೆದುರಿಹೋಗುತ್ತದೆ. ಸ್ಪ್ಯಾಮ್ ಮಾಡುವವರೂ ಸುಮ್ಮನೆ ಕೂರಲಿಲ್ಲ. ಅಕ್ಷರದ ಜಾಗದಲ್ಲಿ ಅಂಕಿ ತುರುಕಿದರು, ಕಾದಂಬರಿಗಳ ಪ್ಯಾರಾ ಕದ್ದು ಅಂಟಿಸಿದರು, ಇಡೀ ಪತ್ರವನ್ನೇ ಚಿತ್ರ ಮಾಡಿ ಕಳಿಸಿದರು.

ಹಾಗಾಗಿ 'ಏನು ಬರೆದಿದೆ' ಎಂಬುದರ ಜೊತೆಗೆ 'ಯಾರು ಬರೆದದ್ದು' ಎಂಬ ಪ್ರಶ್ನೆಯೂ ಸೇರಿತು. ಉತ್ತರ ಸಿಗುವುದು ಡೊಮೇನ್ ಹೆಸರುಗಳ ಸಾರ್ವಜನಿಕ ದಾಖಲೆಯಾದ ಡಿಎನ್ಎಸ್‌ನಲ್ಲಿ. ನನ್ನ ಹೆಸರಿನಲ್ಲಿ ಮೇಲ್ ಕಳಿಸುವ ಹಕ್ಕು ಇಂತಿಂಥ ಸರ್ವರ್‌ಗಳಿಗೆ ಮಾತ್ರ ಎಂದು ಡೊಮೇನಿನ ಒಡೆಯ ಅಲ್ಲಿ ಬರೆದಿಡುವುದು ಎಸ್‌ಪಿಎಫ್. ಇದು ಲಕೋಟೆಯ ವಿಳಾಸವನ್ನಷ್ಟೇ ನೋಡುತ್ತದೆ, ಪತ್ರವನ್ನು ನಡುವೆ ಬೇರೆ ಸರ್ವರ್ ಫಾರ್ವರ್ಡ್ ಮಾಡಿದರೆ ಸೋಲುತ್ತದೆ. ಯಾಹೂ ಮತ್ತು ಸಿಸ್ಕೊಗಳ ಎರಡು ವಿಧಾನಗಳನ್ನು ಬೆಸೆದು 2007ರಲ್ಲಿ ಬಂದ ಡಿಕೆಐಎಂ ಪತ್ರಕ್ಕೇ ಗುಪ್ತ ಕೀಲಿಯಿಂದ ಸಹಿ ಹಾಕುತ್ತದೆ. ಸಹಿ ಪರೀಕ್ಷಿಸುವ ಕೀಲಿ ಡಿಎನ್ಎಸ್‌ನಲ್ಲಿ ಎಲ್ಲರಿಗೂ ಲಭ್ಯ. ಸಹಿ ಬಿದ್ದ ಭಾಗದಲ್ಲಿ ಒಂದಕ್ಷರ ತಿದ್ದಿದರೂ ಸಿಕ್ಕಿಬೀಳುತ್ತದೆ. ಇವುಗಳಲ್ಲಿ ಒಂದಾದರೂ ಪಾಸಾಗಿ, ಆ ಹೆಸರು ನಮ್ಮ ಕಣ್ಣಿಗೆ ಕಾಣುವ ವಿಳಾಸದ ಡೊಮೇನಿಗೆ ಹೊಂದಬೇಕು, ಹೊಂದದಿದ್ದರೆ ಏನು ಮಾಡಬೇಕು ಎಂದು ಸಾರುವುದು 2012ರಲ್ಲಿ ಬಂದ ಡಿಮಾರ್ಕ್.

ಇಷ್ಟಾದರೂ ಗುರುತು ಸಾಬೀತಾಯಿತೇ ಹೊರತು ಸಜ್ಜನಿಕೆಯಲ್ಲ. ಬ್ಯಾಂಕಿನ ಹೆಸರಿಗೆ ಒಂದಕ್ಷರ ಸೇರಿಸಿ ಡೊಮೇನ್ ಕೊಂಡವನೂ ಮೂರೂ ಪರೀಕ್ಷೆಗಳನ್ನು ಆರಾಮವಾಗಿ ಪಾಸು ಮಾಡಬಲ್ಲ. ನಮ್ಮ ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಡೊಮೇನಿಗೆ ಬನ್ನಿ ಎಂದು ಬ್ಯಾಂಕುಗಳಿಗೆ ಹೇಳಿದ್ದು ಇಂಥವರ ಕಾಟಕ್ಕೇ. ಆ ಬಾಲ ಬ್ಯಾಂಕುಗಳಿಗಲ್ಲದೆ ಬೇರೆಯವರಿಗೆ ಸಿಗುವುದಿಲ್ಲ.

ಉಳಿದವರೆಲ್ಲ ತಮ್ಮ ಹೆಸರನ್ನು ನಡವಳಿಕೆಯಿಂದಲೇ ಗಳಿಸಬೇಕು, ಪೆಟ್ಟು ಬೀಳುವುದು ಸಣ್ಣ ಪ್ರಾಮಾಣಿಕರಿಗೆ. ವಿದೇಶದ ಕನ್ನಡ ಸಂಘವೊಂದು 1000 ಸದಸ್ಯರಿಗೆ ರಾಜ್ಯೋತ್ಸವದ ಆಹ್ವಾನ ಕಳಿಸುತ್ತದೆ ಎನ್ನಿ. ಕಾರ್ಯದರ್ಶಿ ತಮ್ಮ ಜಿಮೇಲ್ ವಿಳಾಸವನ್ನೇ ಹಾಕಿ, ಬೇರಾವುದೋ ಮೇಲ್ ಸೇವೆಯ ಮೂಲಕ ರವಾನಿಸಿದರೆ ಡಿಮಾರ್ಕ್ ತಾಳೆಯಾಗುವುದಿಲ್ಲ. ಸಂಘಕ್ಕೊಂದು ಸ್ವಂತ ಡೊಮೇನ್ ಬೇಕು. ಅದು ಹೊಸದಾಗಿದ್ದರೆ ಮೊದಲ ದಿನವೇ ಸಾವಿರ ಪತ್ರ ಸುರಿಯದೆ ಸ್ವಲ್ಪ ಸ್ವಲ್ಪ ಕಳಿಸುತ್ತ ಪರಿಚಯವಾಗಬೇಕು. ದುಡ್ಡು ಕೊಟ್ಟು ವಿಳಾಸಗಳ ಪಟ್ಟಿ ಕೊಂಡರೆ ಮುಗಿಯಿತು. ಯಾರದ್ದೂ ಅಲ್ಲದ, ಬಲೆಯಾಗಿಯೇ ಹರಡಿಟ್ಟ ವಿಳಾಸಗಳು ಅದರಲ್ಲಿರುತ್ತವೆ, ಅವಕ್ಕೆ ಪತ್ರ ಹೋದ ಕೂಡಲೇ ಹೆಸರು ಕಪ್ಪುಪಟ್ಟಿಗೆ.

2024ರ ಫೆಬ್ರವರಿಯಿಂದ ಗೂಗಲ್ ಇನ್ನೂ ಬಿಗಿ ಮಾಡಿದೆ. ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳಿಸುವವರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರೂ ಕಡ್ಡಾಯ, ಪ್ರಚಾರದ ಪತ್ರಗಳಲ್ಲಿ ಒಂದೇ ಒತ್ತಿಗೆ ಬಿಡುಗಡೆ ಸಿಗುವ ಅನ್‌ಸಬ್‌ಸ್ಕ್ರೈಬ್ ಗುಂಡಿಯೂ ಇರಬೇಕು. ಸಣ್ಣವರು, ದೊಡ್ಡವರು ಎನ್ನದೆ ಎಲ್ಲರಿಗೂ ಅನ್ವಯವಾಗುವ ಇನ್ನೊಂದು ಮಿತಿ: ಸ್ಪ್ಯಾಮ್ ಎಂಬ ದೂರು ಶೇ. 0.3 ಮುಟ್ಟಬಾರದು. ಸಾವಿರಕ್ಕೆ ಮೂರು. ಚಂದಾ ಕಟ್ಟಲು ಬೇಸರಪಟ್ಟುಕೊಂಡ ಮೂವರು ಸದಸ್ಯರು ಸಿಟ್ಟಿನಲ್ಲಿ 'ಸ್ಪ್ಯಾಮ್' ಒತ್ತಿದರೂ ಸಂಘ ಆ ಗೆರೆ ಮುಟ್ಟಿದಂತೆ. ಆದ್ದರಿಂದ ಅನ್‌ಸಬ್‌ಸ್ಕ್ರೈಬ್ ಕೊಂಡಿಯನ್ನು ಪತ್ರದ ಬುಡದಲ್ಲಿ ತೆಳು ಬೂದು ಬಣ್ಣದ ಇರುವೆ ಅಕ್ಷರಗಳಲ್ಲಿ ಬಚ್ಚಿಡುವ ಜಾಣತನ ಬೇಡ. ಹೋಗುವವರಿಗೆ ಅದು ಸ್ಪ್ಯಾಮ್ ಗುಂಡಿಗಿಂತ ಮೊದಲು ಕಣ್ಣಿಗೆ ಬೀಳಬೇಕು.