ಬೆಳೆಯ ಚಿತ್ರ ತೆಗೆಯಲು ಕ್ಯಾಮೆರಾದ ಫ್ಲ್ಯಾಷ್ ಬಳಕೆ

ಬೆಳೆಗೆ ರೋಗ ಅಥವಾ ಕೀಟಬಾಧೆ ಕಾಣಿಸಿಕೊಂಡಾಗ ಅದರ ಚಿತ್ರ ತೆಗೆದು ತಜ್ಞರಿಗೆ ಕಳುಹಿಸುವ ಪದ್ಧತಿ ಈಗ ಹಳ್ಳಿಹಳ್ಳಿಗೂ ಹಬ್ಬಿದೆ. ಚಿತ್ರದಲ್ಲಿ ಎಲೆಯ ನಿಜಬಣ್ಣ ಕಾಣದಿದ್ದರೆ ಪೋಷಕಾಂಶದ ಕೊರತೆಯನ್ನು ರೋಗವೆಂದು ಭಾವಿಸಿ ಔಷಧಿ ಸಿಂಪಡಿಸುವ ಸಂಭವವುಂಟು. ಇದರಿಂದ ಹಣ ನಷ್ಟವಾಗುವುದಲ್ಲದೆ ಹತೋಟಿಗೆ ಅನುಕೂಲವಾದ ದಿನಗಳೂ ಕಳೆದುಹೋಗುತ್ತವೆ. ಕ್ಯಾಮೆರಾದಲ್ಲಿಯೇ ಅಳವಡಿಸಿರುವ ಫ್ಲ್ಯಾಷ್ ದೀಪವನ್ನು ಬೇಡದ ಕಡೆ ಬಳಸುವುದು, ಬೇಕಾದ ಕಡೆ ಬಿಡುವುದು ಇಂತಹ ಕೆಟ್ಟ ಚಿತ್ರಗಳಿಗೆ ಮುಖ್ಯ ಕಾರಣಗಳಲ್ಲೊಂದು.

ಫ್ಲ್ಯಾಷ್ ಬೆಳಕಿನ ಗುಣ

ಈ ದೀಪ ಚಿಕ್ಕದು. ದೂರ ಹೆಚ್ಚಿದಂತೆ ಇದರ ಬೆಳಕು ಬೇಗನೆ ಕ್ಷೀಣಿಸುತ್ತದೆ. 1 ಮೀಟರ್ ದೂರದಲ್ಲಿ ಬೀಳುವ ಬೆಳಕಿನ ಕಾಲು ಭಾಗ ಮಾತ್ರ 2 ಮೀಟರ್ ದೂರದಲ್ಲಿಯೂ, ಒಂಬತ್ತನೆಯ ಒಂದು ಭಾಗ ಮಾತ್ರ 3 ಮೀಟರ್ ದೂರದಲ್ಲಿಯೂ ಬೀಳುತ್ತದೆ. ಆದ್ದರಿಂದ ಸಂಜೆ ಬದುವಿನ ಮೇಲೆ ನಿಂತು ಇಡೀ ಗದ್ದೆಯ ಚಿತ್ರವನ್ನು ಫ್ಲ್ಯಾಷ್ ಹಾಕಿ ತೆಗೆದರೆ ಮುಂದಿನ ಸಾಲು ಬೆಳ್ಳಗೂ ಹಿಂದಿನ ಬೆಳೆ ಕಪ್ಪಗೂ ಕಾಣುತ್ತದೆ.

ಎರಡನೆಯದಾಗಿ, ದೀಪವು ಮಸೂರದ ಪಕ್ಕದಲ್ಲಿಯೇ ಇರುವುದರಿಂದ ನೇರವಾಗಿ ಹೋದ ಬೆಳಕು ನೇರವಾಗಿ ಹಿಂದಿರುಗುತ್ತದೆ. ಬಾಳೆ, ತೆಂಗು, ಎಲೆಕೋಸು ಮುಂತಾದ ಮೇಣದ ಹೊದಿಕೆಯುಳ್ಳ ಎಲೆಗಳ ಮೇಲೆ ಬಿಳಿಯ ಹೊಳಪು ಬಿದ್ದು ಚುಕ್ಕೆಗಳು ಮರೆಯಾಗುತ್ತವೆ. ಒದ್ದೆ ಎಲೆಯಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಯಾವಾಗ ಬೇಡ?

ಎಲೆ ಹಳದಿಯಾಗುವುದು, ನರಗಳ ನಡುವೆ ಬಿಳಿಚಿಕೊಳ್ಳುವುದು ಮುಂತಾದ ಬಣ್ಣದ ಲಕ್ಷಣಗಳಿಗೆ ಫ್ಲ್ಯಾಷ್ ಬೇಡ. ಬೆಳಗಿನ ಹೊತ್ತು, ಎಲೆಯ ಮೇಲಿನ ಇಬ್ಬನಿ ಆರಿದ ನಂತರ, ತೆರೆದ ನೆರಳಿನಲ್ಲಿ ಚಿತ್ರ ತೆಗೆಯುವುದು ಉತ್ತಮ. ಅಡಿಕೆ ಮರದ ತುದಿಯ ಗೊನೆಗೆ ಕೆಳಗಿನಿಂದ ಈ ಬೆಳಕು ತಲುಪುವುದಿಲ್ಲ. ಕೊಳೆರೋಗದ ಸಂಶಯವಿದ್ದರೆ ಉದುರಿದ ಕಾಯಿಗಳನ್ನು ಆರಿಸಿ ಹತ್ತಿರದಿಂದ ಚಿತ್ರ ತೆಗೆಯಬೇಕು.

ಯಾವಾಗ ಬೇಕು?

ನಡುಹಗಲಿನಲ್ಲಿಯೂ ಬೆಳೆಯ ಒಳಭಾಗದಲ್ಲಿ ಕತ್ತಲೆ ಇರುತ್ತದೆ. ಭತ್ತದ ಬುಡದಲ್ಲಿ ಕುಳಿತು ರಸ ಹೀರುವ ಕಂದು ಜಿಗಿಹುಳುವನ್ನು ತೋರಿಸಲು ಫ್ಲ್ಯಾಷ್ ನೆರವಾಗುತ್ತದೆ. 2018ರಲ್ಲಿ ಭಾರತದಲ್ಲಿಯೇ ಮೊದಲು ಕರ್ನಾಟಕದಲ್ಲಿ ಕಂಡುಬಂದ ಫಾಲ್ ಸೈನಿಕ ಹುಳು ಮುಸುಕಿನ ಜೋಳದ ಸುಳಿಯೊಳಗೆ ಅಡಗಿರುತ್ತದೆ. ಇದರ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದಂತಹ ಗುರುತೂ, ದೇಹದ ಹಿಂಭಾಗದಲ್ಲಿ ಚೌಕಾಕಾರವಾಗಿ 4 ಕಪ್ಪು ಚುಕ್ಕೆಗಳೂ ಇರುತ್ತವೆ. ಇವು ಕಂಡರೆ ಮಾತ್ರ ಹುಳುವನ್ನು ಖಚಿತವಾಗಿ ಗುರುತಿಸಬಹುದು.

ಅನುಸರಿಸಬೇಕಾದ ಕ್ರಮಗಳು

1. ಹಗಲಿನಲ್ಲಿ ಫ್ಲ್ಯಾಷ್‌ನ್ನು ‘ಆಟೋ’ದಲ್ಲಿ ಬಿಟ್ಟರೆ ಅದು ಉರಿಯದೆ ಇರಬಹುದು. ಮಿಂಚಿನ ಗುರುತನ್ನು ಒತ್ತಿ ‘ಆನ್’ ಸ್ಥಿತಿಗೆ ತರಬೇಕು. ಬೇಡವಾದಾಗ ‘ಆಫ್’ ಮಾಡಬೇಕು.

2. ತೀರ ಹತ್ತಿರ ಹಿಡಿಯಬಾರದು. ಎಲೆ ಬಿಳಿಚಿ ಕಾಣುತ್ತದೆ. ಒಂದೆರಡು ಅಡಿ ಹಿಂದೆ ಸರಿದು ಜೂಮ್ ಮಾಡಬೇಕು.

3. ಬೆಳಕು ಪ್ರಖರವೆನಿಸಿದರೆ ದೀಪದ ಮುಂದೆ ಮಾತ್ರ ತೆಳುವಾದ ಬಿಳಿ ಕಾಗದದ ತುಂಡನ್ನು ಹಿಡಿಯಬೇಕು. ಮಸೂರಕ್ಕೆ ಅದು ಅಡ್ಡ ಬರಬಾರದು.

4. ಎಲೆಯನ್ನು ಕ್ಯಾಮೆರಾಕ್ಕೆ ನೇರವಾಗಿ ಹಿಡಿಯದೆ ಸ್ವಲ್ಪ ಓರೆಯಾಗಿ ಹಿಡಿದರೆ ಹೊಳಪು ಬೇರೆ ಕಡೆಗೆ ಸರಿಯುತ್ತದೆ.

5. ಮೊಬೈಲ್ ಫೋನಿನ ದೀಪ ಸಾಮಾನ್ಯವಾಗಿ ಕ್ಯಾಮೆರಾದ ಫ್ಲ್ಯಾಷ್‌ಗಿಂತ ಮಂದವಾಗಿದ್ದು, ಗಾಳಿಗೆ ಅಲ್ಲಾಡುವ ಎಲೆಯನ್ನು ಸ್ಪಷ್ಟವಾಗಿ ಹಿಡಿಯಲಾರದು. ಎಲೆಯನ್ನು ಕೈಯಿಂದ ಅಲುಗದಂತೆ ಹಿಡಿಯಬೇಕು.

6. ಗಾತ್ರ ತಿಳಿಯಲು ಪಕ್ಕದಲ್ಲಿ ಒಂದು ನಾಣ್ಯ ಅಥವಾ ಅಳತೆಪಟ್ಟಿ ಇಡಬೇಕು.

ಸಂಶಯವಿದ್ದಲ್ಲಿ ಅದೇ ಎಲೆಯ ಎರಡು ಚಿತ್ರಗಳನ್ನು, ಒಂದನ್ನು ಫ್ಲ್ಯಾಷ್ ಹಾಕಿ, ಇನ್ನೊಂದನ್ನು ಹಾಕದೆ ತೆಗೆದು ಎರಡನ್ನೂ ಕಳುಹಿಸುವುದು ಒಳ್ಳೆಯದು. ಜೊತೆಗೆ ಇಡೀ ಗಿಡದ ಒಂದು ಚಿತ್ರ, ಬೆಳೆಯ ತಳಿ, ವಯಸ್ಸು ಮತ್ತು ಈವರೆಗೆ ಹಾಕಿದ ಗೊಬ್ಬರ, ಔಷಧಿಗಳ ವಿವರವನ್ನೂ ತಿಳಿಸಬೇಕು. ವಿಸ್ತರಣಾ ಕಾರ್ಯಕರ್ತರು ಈ ಕ್ರಮಗಳನ್ನು ಹೊಲದಲ್ಲಿಯೇ ಮಾಡಿ ತೋರಿಸಿದರೆ ಅನಾವಶ್ಯಕ ಸಿಂಪರಣೆಯ ಖರ್ಚನ್ನು ರೈತ ಬಾಂಧವರು ಉಳಿಸಿಕೊಳ್ಳಬಹುದು.